ಯಾರಿಗೂ ಬೇಡವಾಗಿದ್ದ ಕಾರಿಗೆ 35 ಲಕ್ಷ ಡಾಲರ್

ಇವತ್ತು ಹಳೇ ಕಾರುಗಳ ಕಥೆ. ಸರಿಯಾಗಿ ಹೇಳ್ಬೇಕು ಅಂದ್ರೆ ಕಾರಿನ ಕಥೆಗಿಂತ ಅದರ ರೇಟಿನ ಕಥೆ.

2020ರ ಜನವರಿ 10. ಅಮೆರಿಕದ ಫ್ಲೋರಿಡಾದಲ್ಲಿರೋ ಕಿಸಿಮ್ಮಿ ಅನ್ನೋ ಊರು. ಮೀಕಮ್ ಅನ್ನೋ ಕಂಪನಿಯ ಹರಾಜು ನಡೀತಿದೆ. ವೇದಿಕೆ ಮೇಲೆ ಕಡು ಹಸಿರು ಬಣ್ಣದ 1968ರ ಫೋರ್ಡ್ ಮಸ್ಟಾಂಗ್ ಬಂತು. ಮಿರಿಮಿರಿ ಮಿಂಚೋ ಕಾರಲ್ಲ. ಬಣ್ಣ ಮಾಸಿದೆ, ಮೈಮೇಲೆ ಅಲ್ಲಲ್ಲಿ ತಗ್ಗು, ತುಕ್ಕು. ಇದು ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಕಾರು. ಸ್ಯಾನ್ ಫ್ರಾನ್ಸಿಸ್ಕೋದ ದಿಬ್ಬದ ರಸ್ತೆಗಳಲ್ಲಿ ಎಗರಿ ಎಗರಿ ಬೀಳುತ್ತಲ್ಲ, ಆ ಚೇಸ್ ಸೀನಿನದ್ದು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಅನ್ನೋ ಹೊತ್ತಿಗೆ ಸವಾಲು 34 ಲಕ್ಷ ಡಾಲರ್‌ಗೆ ನಿಂತಿತ್ತು. ಹರಾಜು ಕಂಪನಿಯ ಕಮಿಷನ್ ಸೇರಿಸಿದ್ರೆ 37.4 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 26 ಕೋಟಿ ರೂಪಾಯಿ ದಾಟುತ್ತೆ.

ಮಾರಿದ್ದು ಒಂದು ಸಾಧಾರಣ ಮಧ್ಯಮ ವರ್ಗದ ಕುಟುಂಬ. ಅಪ್ಪ 1974ರಲ್ಲಿ ಪತ್ರಿಕೆಯೊಂದರ ಜಾಹೀರಾತು ನೋಡಿ ಸುಮಾರು 6 ಸಾವಿರ ಡಾಲರ್‌ಗೆ ಕೊಂಡಿದ್ದರು. ಅಮ್ಮ ಸ್ಕೂಲ್ ಟೀಚರ್, ಅದೇ ಕಾರಲ್ಲಿ ಸ್ಕೂಲಿಗೆ ಹೋಗಿ ಬರ್ತಿದ್ದರು. 1977ರಲ್ಲಿ ಸ್ವತಃ ಮೆಕ್ವೀನ್ ಪತ್ರ ಬರೆದು, ಕಾರು ವಾಪಸ್ ಕೊಡ್ತೀರಾ ಅಂತ ಕೇಳಿದರು. ಇವರು ಕೊಡಲಿಲ್ಲ. 1980ರ ಸುಮಾರಿಗೆ ಕ್ಲಚ್ ಹೋಯ್ತು, ಕಾರು ಮೂಲೆ ಸೇರ್ತು. ಸುಮಾರು 4 ದಶಕ ಹೊರಗಿನವರಿಗೆ ಅದು ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಜನರೆದುರು ಮತ್ತೆ ಬಂದದ್ದು 2018ರ ಡೆಟ್ರಾಯಿಟ್ ಆಟೋ ಶೋನಲ್ಲಿ.

ನಾನು ಬಿಕಾಂ ಓದಿದವನು. ಕಾರು ಅಂದ ತಕ್ಷಣ ನಮಗೆ ನೆನಪಾಗೋದು ಡಿಪ್ರಿಸಿಯೇಷನ್. ನಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿನ ಬೆಲೆ ವರ್ಷಕ್ಕೆ ಶೇಕಡ 15ರ ಹಾಗೆ ಇಳಿಸ್ತಾ ಹೋಗ್ಬೇಕು. ಈ ಮಸ್ಟಾಂಗ್ ಲೆಕ್ಕವನ್ನ ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿದೆ. 6 ಸಾವಿರ 46 ವರ್ಷದಲ್ಲಿ 34 ಲಕ್ಷ ಆಗ್ಬೇಕು ಅಂದ್ರೆ ವರ್ಷಕ್ಕೆ ಹತ್ತಿರಹತ್ತಿರ ಶೇಕಡ 15 ಚಕ್ರಬಡ್ಡಿ. ಅದೇ 15, ಆದರೆ ಉಲ್ಟಾ ದಿಕ್ಕಲ್ಲಿ.

ಇಂಥ ಲೆಕ್ಕ ತೋರಿಸಿ ‘ಕ್ಲಾಸಿಕ್ ಕಾರು ಬಂಗಾರಕ್ಕಿಂತ ಮೇಲು’ ಅನ್ನೋ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಅದನ್ನ ನಂಬೋ ಮುಂಚೆ ಈ ರೇಟು ಹುಟ್ಟಿದ್ದು ಹೇಗೆ ಅಂತ ನೋಡೋಣ. ಅದಕ್ಕೆ 1963ಕ್ಕೆ ಹೋಗ್ಬೇಕು.

ಜನರಲ್ ಮೋಟರ್ಸ್ ಆಗ ಅಮೆರಿಕದ ದೊಡ್ಡಣ್ಣ. ಆ ವರ್ಷ ಕಂಪನಿಯ ಹಿರಿತಲೆಗಳು ರೇಸಿಂಗ್ ಸಹವಾಸವೇ ಬೇಡ ಅಂತ ಆದೇಶ ಹೊರಡಿಸಿದರು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಕೂರಿಸಬಾರದು ಅಂತಲೂ ನಿಯಮ ಇತ್ತು. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದಲ್ಲಿ ಜಾನ್ ಡಿಲೋರಿಯನ್ ಅನ್ನೋ ಇಂಜಿನಿಯರ್ ಮತ್ತು ಅವರ ತಂಡ ಒಂದು ಸಂದಿ ಹುಡುಕಿತು. ನಿಯಮ ಇರೋದು ಹೊಸ ಮಾಡೆಲ್‌ಗೆ, ‘ಆಪ್ಷನ್’ಗೆ ಅಲ್ಲ. ಸರಿ, ಟೆಂಪೆಸ್ಟ್ ಲೆಮಾನ್ಸ್ ಅನ್ನೋ ಸಾಧು ಕಾರಿಗೆ ದೊಡ್ಡ ಕಾರುಗಳ 389 ಕ್ಯೂಬಿಕ್ ಇಂಚಿನ, ಅಂದ್ರೆ ಸುಮಾರು 6.4 ಲೀಟರ್ ಇಂಜಿನ್ನನ್ನ ಎಕ್ಸ್‌ಟ್ರಾ ಫಿಟ್ಟಿಂಗ್ ಥರ ಕೊಟ್ಟರು. ಬೆಲೆ 295 ಡಾಲರ್ 90 ಸೆಂಟ್. ಹೆಸರು ಜಿಟಿಒ, ಅದೂ ಫೆರಾರಿಯಿಂದ ಎತ್ತಿದ್ದು. 5 ಸಾವಿರ ಹೋದ್ರೆ ಹೆಚ್ಚು ಅಂತ ಸೇಲ್ಸ್‌ನವರು ಅಂದಾಜು ಮಾಡಿದ್ದರು. 1964ರ ಮಾಡೆಲ್ ವರ್ಷದಲ್ಲಿ ಹೋಗಿದ್ದು 32,450.

ಮಸಲ್ ಕಾರ್ ಅನ್ನೋದರ ಸೂತ್ರ ಅಷ್ಟೇ. ಸಣ್ಣ ಮೈ, ದೊಡ್ಡ ಇಂಜಿನ್, ಕಮ್ಮಿ ಕಾಸು. ಮಸ್ಟಾಂಗನ್ನ ಕಟ್ಟಾ ಅಭಿಮಾನಿಗಳು ‘ಪೋನಿ ಕಾರ್’ ಅಂತ ಬೇರೆ ಕೂರಿಸ್ತಾರೆ, ಆ ಜಗಳಕ್ಕೆ ನಾನು ಹೋಗಲ್ಲ. ಮುಖ್ಯ ವಿಷಯ ಏನಂದ್ರೆ ಇವು ಶ್ರೀಮಂತರ ಕಾರುಗಳಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಆಗ ಹದಿನೆಂಟು ಇಪ್ಪತ್ತಕ್ಕೆ ಬಂದಿದ್ದರು. ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಹುಡುಗ ಸಾಲ ಮಾಡಿ ಕೊಳ್ಳಬಹುದಾದ ಕಾರು ಇದು. ಶನಿವಾರ ರಾತ್ರಿ ಸಿಗ್ನಲ್ ಹತ್ತಿರ ನಿಂತು ಪಕ್ಕದ ಕಾರಿನವನ ಜೊತೆ ರೇಸ್ ಕಟ್ಟೋಕೆ.

ಮುಂದಿನ ಆರೇಳು ವರ್ಷ ಡೆಟ್ರಾಯಿಟ್‌ನಲ್ಲಿ ನಡೆದದ್ದು ಪೈಪೋಟಿ ಅಂದ್ರೆ ಪೈಪೋಟಿ. ಅದರ ತುತ್ತತುದಿ ಕ್ರೈಸ್ಲರ್ ಕಂಪನಿಯ 426 ಹೆಮಿ ಇಂಜಿನ್. ಉರಿಯೋ ಕೋಣೆ ಅರ್ಧಗೋಳದ ಆಕಾರದಲ್ಲಿ ಇರೋದ್ರಿಂದ ಆ ಹೆಸರು. 7 ಲೀಟರ್ ಇಂಜಿನ್, ಕಂಪನಿ ಹೇಳಿದ ಲೆಕ್ಕದಲ್ಲೇ 425 ಹಾರ್ಸ್‌ಪವರ್. ಅದೇ ಕಾಲದ ನಮ್ಮ ಅಂಬಾಸಿಡರ್‌ನದ್ದು ಒಂದೂವರೆ ಲೀಟರ್, ಅಳತೆಗೆ ಇರ್ಲಿ ಅಂತ ಹೇಳಿದೆ.

ಇಲ್ಲಿಂದ ಕಥೆ ತಿರುಗುತ್ತೆ.

ನ್ಯಾಸ್ಕಾರ್ ರೇಸಿನಲ್ಲಿ ಒಂದು ಕಾರು ಓಡಿಸಬೇಕು ಅಂದ್ರೆ ಅದೇ ಕಾರನ್ನ ಜನಸಾಮಾನ್ಯರಿಗೂ ಇಂತಿಷ್ಟು ಅಂತ ಮಾಡಿ ಮಾರಬೇಕಿತ್ತು. ಅದಕ್ಕಾಗಿ ಡಾಡ್ಜ್ 1969ರಲ್ಲಿ ಚಾರ್ಜರ್ ಡೇಟೋನಾ ತಂತು. ಮರುವರ್ಷ ಪ್ಲಿಮತ್ ಸೂಪರ್‌ಬರ್ಡ್ ತಂತು. ಮುಂದೆ ಹಕ್ಕಿ ಕೊಕ್ಕಿನಂಥ ಮೂತಿ, ಹಿಂದೆ ಎರಡು ಅಡಿ ಎತ್ತರದ ರೆಕ್ಕೆ. ಫೋರ್ಡ್‌ಗೆ ಹೋಗಿದ್ದ ರೇಸರ್ ರಿಚರ್ಡ್ ಪೆಟ್ಟಿ ಇದೇ ಕಾರಿಗೆ ಅಂತ ಪ್ಲಿಮತ್‌ಗೆ ವಾಪಸ್ ಬಂದರು. 1970ರ ಮಾರ್ಚ್‌ನಲ್ಲಿ ಟಾಲಡೀಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಒಂದು ಡೇಟೋನಾವನ್ನ ಗಂಟೆಗೆ 200 ಮೈಲಿ ದಾಟಿಸಿದರು. ಟ್ರ್ಯಾಕಲ್ಲಿ ಇಷ್ಟೆಲ್ಲ ಆದರೂ ಶೋರೂಮಿನಲ್ಲಿ ಮಾತ್ರ ಸೂಪರ್‌ಬರ್ಡ್ ಕೇಳೋರೇ ಇಲ್ಲ. ಸುಮಾರು 1,900 ಕಾರು ಮಾಡಿ ಡೀಲರ್‌ಗಳ ತಲೆಗೆ ಕಟ್ಟಿದ್ದರು. ಎಷ್ಟೋ ಡೀಲರ್‌ಗಳು ತಿಂಗಳುಗಟ್ಟಲೆ ಕಾದು, ಕೊನೆಗೆ ಮೂತಿ ಬಿಚ್ಚಿ, ರೆಕ್ಕೆ ಕಿತ್ತು, ಮಾಮೂಲಿ ಕಾರು ಮಾಡಿ ಮಾರಿದರು. ಯೋಚನೆ ಮಾಡಿ. 2022ರ ಮೇನಲ್ಲಿ ಇಂಡಿಯಾನಾಪೊಲಿಸ್ ಹರಾಜಿನಲ್ಲಿ ಹೆಮಿ ಇಂಜಿನ್ನಿನ ಒಂದು ಸೂಪರ್‌ಬರ್ಡ್ 16.5 ಲಕ್ಷ ಡಾಲರ್‌ಗೆ ಹೋಯ್ತು.

ಇನ್ನೂ ಗಟ್ಟಿ ಉದಾಹರಣೆ ಪ್ಲಿಮತ್ ಬಾರಾಕುಡಾ, ಅಭಿಮಾನಿಗಳ ಬಾಯಲ್ಲಿ ‘ಕುಡಾ’. 1971ರಲ್ಲಿ ಹೆಮಿ ಇಂಜಿನ್ ಇರೋ, ಮೇಲ್ಛಾವಣಿ ಮಡಿಸಬಹುದಾದ ಕನ್ವರ್ಟಿಬಲ್ ಕುಡಾ ಎಷ್ಟು ತಯಾರಾದವು ಗೊತ್ತಾ? 11. ಇವತ್ತಿನ ಹಾಗೆ ‘ಲಿಮಿಟೆಡ್ ಎಡಿಷನ್’ ಅಂತ ಬೇಕಂತಲೇ 11 ಮಾಡಿದ್ದಲ್ಲ. ಕೇಳಿದವರೇ ಅಷ್ಟು. ಬರೀ ಇಂಜಿನ್ ಆಪ್ಷನ್‌ಗೇ 900 ಡಾಲರ್ ಹತ್ತಿರ, ಪೂರಾ ಕಾರಿನ ಕಾಲು ಭಾಗದಷ್ಟು ದುಡ್ಡು. ಅದರ ಮೇಲೆ ಇನ್ಶೂರೆನ್ಸ್. 25ರ ಒಳಗಿನ ಹುಡುಗ, ಕೈಯಲ್ಲಿ ಹೆಮಿ ಕಾರು ಅಂದ್ರೆ ವಿಮಾ ಕಂಪನಿಗಳು ಪ್ರೀಮಿಯಂ ಏರಿಸ್ತಿದ್ದವು, ಇಲ್ಲವೇ ಪಾಲಿಸಿನೇ ಬೇಡ ಅಂತಿದ್ದವು. ನನ್ನ ಪ್ರಕಾರ ಮಸಲ್ ಕಾರಿನ ಕತ್ತಿಗೆ ಮೊದಲು ಕೈ ಹಾಕಿದ್ದು ಪರಿಸರವಾದಿಗಳೂ ಅಲ್ಲ, ಅರಬ್ ದೇಶಗಳೂ ಅಲ್ಲ, ಇನ್ಶೂರೆನ್ಸ್ ಗುಮಾಸ್ತರು.

ಉಳಿದದ್ದು ಬೇಗ ಬೇಗ ಆಯ್ತು. 1970ರ ಕೊನೆಗೆ ಕ್ಲೀನ್ ಏರ್ ಕಾಯ್ದೆ ಬಂತು. 1971ರ ಮಾಡೆಲ್‌ಗಳಿಂದಲೇ ಜನರಲ್ ಮೋಟರ್ಸ್ ಇಂಜಿನ್ನುಗಳ ಕಂಪ್ರೆಷನ್ ತಗ್ಗಿಸಿತು. ಹೆಮಿ ಆ ವರ್ಷಕ್ಕೇ ನಿಂತಿತು. 1973ರ ಅಕ್ಟೋಬರ್‌ನಲ್ಲಿ ತೈಲ ನಿರ್ಬಂಧ, ಕೆಲವೇ ತಿಂಗಳಲ್ಲಿ ಬ್ಯಾರೆಲ್ ಬೆಲೆ ಸುಮಾರು 3 ಡಾಲರ್‌ನಿಂದ 12ಕ್ಕೆ. ಬಾರಾಕುಡಾ ಕೊನೆಯಾಗಿದ್ದು 1974ರ ಏಪ್ರಿಲ್ 1ಕ್ಕೆ, ಹುಟ್ಟಿ ಸರಿಯಾಗಿ ಹತ್ತು ವರ್ಷಕ್ಕೆ. ಪೆಟ್ರೋಲ್ ಬಂಕ್ ಮುಂದೆ ಕ್ಯೂ ನಿಂತ ಕಾಲದಲ್ಲಿ ಲೀಟರ್‌ಗೆ ನಾಲ್ಕೈದು ಕಿಲೋಮೀಟರ್ ಕೊಡೋ ಕಾರು ಯಾರಿಗೆ ಬೇಕು? ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮೂರು ಕಾಸಿಗೆ ಸಿಕ್ಕವು. ಹುಡುಗರು ಕೊಂಡು ಓಡಿಸಿ, ಗುದ್ದಿಸಿ, ಬಿಡಿಭಾಗ ಕಿತ್ತು, ಉಳಿದದ್ದನ್ನ ಗುಜರಿಗೆ ಹಾಕಿದರು. ಮೊದಲೇ 11 ಇದ್ದದ್ದು. ಇನ್ನು ರೇಟ್ ಏರದೆ ಏನಾಗುತ್ತೆ?

2014ರ ಜೂನ್‌ನಲ್ಲಿ ಸಿಯಾಟಲ್ ಹರಾಜಿನಲ್ಲಿ ಆ ಹನ್ನೊಂದರಲ್ಲಿ ಒಂದು, ನೀಲಿ ಬಣ್ಣದ ಮ್ಯಾನುಯಲ್ ಗೇರಿನ ಕಾರು, 35 ಲಕ್ಷ ಡಾಲರ್‌ಗೆ ಹೋಯ್ತು.

ಹರಾಜಿನಲ್ಲಿ ಇಷ್ಟು ದುಡ್ಡು ಸುರಿಯೋರು ಕಾರು ಅಸಲಿ ಅಂತ ಹೇಗೆ ನಂಬ್ತಾರೆ? ಹೆಮಿ ಇಂಜಿನ್ನನ್ನ ಬೇರೆ ಕಾರಿಗೂ ಕೂರಿಸಬಹುದು, ಬಣ್ಣ ಹೊಡೀಬಹುದು, ಬ್ಯಾಡ್ಜ್ ಅಂಟಿಸಬಹುದು. ಉತ್ತರ ಚಾಸಿಸ್ ನಂಬರ್. ನಿಮ್ಮ ಬೈಕಿನ ಆರ್‌ಸಿ ಕಾರ್ಡಿನಲ್ಲಿ ಇರುತ್ತಲ್ಲ, ಅದೇ. 1971ರ ಹೆಮಿ ಕುಡಾ ಕನ್ವರ್ಟಿಬಲ್‌ನ ನಂಬರ್ ಶುರುವಾಗೋದು ಬಿಎಸ್ 27 ಆರ್ 1 ಬಿ ಅಂತ. ಮೊದಲನೇ ‘ಬಿ’ ಅಂದ್ರೆ ಬಾರಾಕುಡಾ. ‘ಎಸ್’ ಬೆಲೆಯ ದರ್ಜೆ. ‘27’ ಕನ್ವರ್ಟಿಬಲ್. ‘1’ ಅಂದ್ರೆ 1971. ನಡುವಿನ ‘ಆರ್’ ಅನ್ನೋ ಒಂದೇ ಅಕ್ಷರ ಇದೆಯಲ್ಲ, ಅದೇ ಹೆಮಿ. ಆ ಜಾಗದಲ್ಲಿ ಬೇರೆ ಅಕ್ಷರ ಇದ್ರೆ, ಒಳಗೆ ಅಸಲಿ ಹೆಮಿ ಇಂಜಿನ್ನೇ ಕೂತಿದ್ರೂ ಅದು ನಕಲು, ಹರಾಜಿನ ಭಾಷೆಯಲ್ಲಿ ‘ಕ್ಲೋನ್’. ಇಂಜಿನ್ ಬ್ಲಾಕ್ ಮೇಲೆ ಕೊರೆದ ಸಂಖ್ಯೆಯೂ ಚಾಸಿಸ್‌ಗೆ ತಾಳೆಯಾದ್ರೆ ‘ನಂಬರ್ಸ್ ಮ್ಯಾಚಿಂಗ್’. ಇದಲ್ಲದೆ ಅಸೆಂಬ್ಲಿ ಲೈನಿನಲ್ಲಿ ಕಾರಿನ ಜೊತೆ ಓಡಾಡ್ತಿದ್ದ ಬಿಲ್ಡ್ ಶೀಟ್ ಅನ್ನೋ ಕಾಗದ ಎಷ್ಟೋ ಸಲ ಸೀಟಿನ ಸ್ಪ್ರಿಂಗ್ ಒಳಗೆ ಸಿಕ್ಕಿಕೊಂಡು ಉಳಿದಿರುತ್ತೆ. ಕೆಲಸಗಾರ ಬಿಸಾಡೋಕೆ ಮರೆತ ಚೀಟಿ, ಇವತ್ತು ಅದಿದ್ರೆ ಕಾರಿನ ತೂಕವೇ ಬೇರೆ. ಆರ್‌ಎಕ್ಸ್ 100 ಹುಚ್ಚಿರೋ ಗೆಳೆಯ ಇದ್ರೆ ಕೇಳಿ, ‘ಜಪಾನ್ ಇಂಜಿನ್’ ಅಂದ ತಕ್ಷಣ ಅವನ ಕಣ್ಣು ಹೇಗೆ ಅರಳುತ್ತೆ ನೋಡಿ.

ಆ ನಂಬರಿನ ಕೊನೆಯ ‘ಬಿ’ ಬಗ್ಗೆ ಹೇಳೋದು ಬಿಟ್ಟಿದ್ದೆ, ಬೇಕಂತಲೇ. ಅದು ಕಾರು ತಯಾರಾದ ಕಾರ್ಖಾನೆಯ ಗುರುತು. ಹ್ಯಾಮ್‌ಟ್ರಾಮಿಕ್ ಅನ್ನೋ, ಡೆಟ್ರಾಯಿಟ್ ಹೊಟ್ಟೆಯೊಳಗೇ ಇರೋ ಪುಟ್ಟ ಊರು. ಅಲ್ಲಿನ ‘ಡಾಡ್ಜ್ ಮೇನ್’ ಫ್ಯಾಕ್ಟರಿ. 1968ರ ಮೇನಲ್ಲಿ ಅಲ್ಲಿ ಕೆಲಸಗಾರರು ಇದ್ದಕ್ಕಿದ್ದಂತೆ ಮುಷ್ಕರ ಹೂಡಿದರು. ಕಾರಣ, ಅಸೆಂಬ್ಲಿ ಲೈನಿನ ವೇಗವನ್ನ ಏರಿಸ್ತಾ ಹೋಗಿದ್ದು. ಮುಷ್ಕರ ಮಾಡಿದವರು ಕರಿಯರೂ ಹೌದು, ಬಿಳಿಯರೂ ಹೌದು. ಆದರೆ ಶಿಕ್ಷೆಯ ಹೊರೆ ಹೆಚ್ಚಾಗಿ ಬಿದ್ದದ್ದು ಕರಿಯರ ಮೇಲೆ. ಆ ಸಿಟ್ಟಿನಿಂದ ಹುಟ್ಟಿದ ಸಂಘಟನೆ ‘ಡಾಡ್ಜ್ ರೆವಲ್ಯೂಷನರಿ ಯೂನಿಯನ್ ಮೂವ್‌ಮೆಂಟ್’, ಚಿಕ್ಕದಾಗಿ ಡ್ರಮ್. ಹರಾಜಿನ ಕ್ಯಾಟಲಾಗ್‌ಗಳಲ್ಲಿ ಕಾರಿನ ಬಣ್ಣದ ಕೋಡ್‌ನಿಂದ ಹಿಡಿದು ಸ್ಟೀರಿಂಗ್ ಕವರ್ ತನಕ ಪುಟಗಟ್ಟಲೆ ವಿವರ ಇರುತ್ತೆ. ಇದನ್ನ ಕೂರಿಸಿದ ಕೈಗಳ ಬಗ್ಗೆ ನಾನು ಓದಿದ ಕ್ಯಾಟಲಾಗ್‌ಗಳಲ್ಲಿ ಒಂದು ಸಾಲೂ ಇರಲಿಲ್ಲ. ಡಾಡ್ಜ್ ಮೇನ್ 1980ರಲ್ಲಿ ಬಾಗಿಲು ಹಾಕಿತು, ಆಮೇಲೆ ನೆಲಸಮ ಆಯ್ತು. ಆ ಜಾಗದಲ್ಲಿ ಜನರಲ್ ಮೋಟರ್ಸ್‌ನ ಫ್ಯಾಕ್ಟರಿ ಬಂತು. ಈಗ ಅಲ್ಲಿ ತಯಾರಾಗೋದು ಎಲೆಕ್ಟ್ರಿಕ್ ಗಾಡಿಗಳು.

ಸರಿ, ಮತ್ತೆ ದುಡ್ಡಿನ ವಿಷಯ. ನಾನು ಈ ಎಪಿಸೋಡ್ ಮಾಡೋಕೆ ಕಾರಣವಾದ ಕಾರು ಇನ್ನೊಂದಿದೆ. 1966ರ ಶೆಲ್ಬಿ ಕೋಬ್ರಾ ‘ಸೂಪರ್ ಸ್ನೇಕ್’. ಇದು ಮಸಲ್ ಕಾರ್ ಅಲ್ಲ, ಸ್ಪೋರ್ಟ್ಸ್ ಕಾರ್ ಅಂತ ಯಾರಾದ್ರೂ ತಕರಾರು ಎತ್ತಬಹುದು. ಆದರೆ ಇದೇ ಹರಾಜುಗಳು, ಇದೇ ಗಿರಾಕಿಗಳು. ಕ್ಯಾರಲ್ ಶೆಲ್ಬಿ ತಮಗೇ ಅಂತ ಮಾಡಿಸಿಕೊಂಡದ್ದು, 800 ಹಾರ್ಸ್‌ಪವರ್. ಇಂಥದ್ದು ಎರಡೇ ಆಗಿದ್ದು. ಎರಡನೆಯದನ್ನ ಕೊಂಡ ನಟ ಬಿಲ್ ಕಾಸ್ಬಿ ಒಂದು ಸಲ ಓಡಿಸಿ ಹೆದರಿ ವಾಪಸ್ ಕೊಟ್ಟರು. ಆಮೇಲೆ ಅದನ್ನ ಕೊಂಡವರು ನಿಯಂತ್ರಣ ತಪ್ಪಿ ಕಾರಿನ ಸಮೇತ ಕಡಲಿಗೆ ಬಿದ್ದು ತೀರಿಹೋದರು. ಹೀಗೆ ಉಳಿದದ್ದು ಒಂದೇ.

ಆ ಒಂದನ್ನ ಬ್ಯಾರೆಟ್-ಜಾಕ್ಸನ್ ಕಂಪನಿ ಅರಿಝೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಮೂರು ಸಲ ಹರಾಜು ಹಾಕಿದೆ. 2007ರ ಜನವರಿಯಲ್ಲಿ 55 ಲಕ್ಷ ಡಾಲರ್. 2015ರಲ್ಲಿ 51 ಲಕ್ಷದ 15 ಸಾವಿರ. 2021ರಲ್ಲಿ ಮತ್ತೆ 55 ಲಕ್ಷ. ಪೇಪರಿನ ಹೆಡ್‌ಲೈನ್ ನೋಡಿದ್ರೆ ‘55 ಲಕ್ಷ ಡಾಲರ್ ಕಾರು’ ಅಂತ ಎರಡು ಸಲ ಬಾಯಿ ಬಿಡ್ತೀವಿ. ಒಳಗಿನ ಲೆಕ್ಕ ನೋಡಿ. ಈ ಮೊತ್ತದಲ್ಲಿ ಶೇಕಡ 10ರ ಬಯರ್ಸ್ ಪ್ರೀಮಿಯಂ ಸೇರಿದೆ, ಅದು ಹರಾಜು ಕಂಪನಿಗೆ ಹೋಗುತ್ತೆ. 2007ರಲ್ಲಿ 55 ಲಕ್ಷ ಕೊಟ್ಟು ಕೊಂಡ ವ್ಯಕ್ತಿಗೆ 2015ರಲ್ಲಿ ಮಾರಿದಾಗ ಸವಾಲಿನ ಮೊತ್ತ 46.5 ಲಕ್ಷ. ಎಂಟು ವರ್ಷ ಇಟ್ಟುಕೊಂಡು ಎಂಟೂವರೆ ಲಕ್ಷ ಡಾಲರ್ ಕೈಬಿಟ್ಟ ಹಾಗಾಯ್ತು. 2015ರ ಬೆಲೆಗೆ ಕೊಂಡು 2021ರಲ್ಲಿ ಮಾರಿದರೂ ಕೈಗೆ ಬರೋದು 50 ಲಕ್ಷ, ಅಲ್ಲೂ ನಷ್ಟವೇ. ರೇಟು ಮೇಲೆ ಹೋದಾಗಲೂ ಲಾಭ ಇಲ್ಲ! ಅಮೆರಿಕದ ಹಣದುಬ್ಬರ ಹಾಕಿದ್ರೆ 2007ರ 55 ಲಕ್ಷ 2021ರ ಲೆಕ್ಕದಲ್ಲಿ ಸುಮಾರು 71 ಲಕ್ಷ ಆಗ್ಬೇಕಿತ್ತು. ಇನ್ಶೂರೆನ್ಸ್, ಗ್ಯಾರೇಜ್, ಮೆಕ್ಯಾನಿಕ್ ಖರ್ಚು ನಾನು ಹಿಡಿದೇ ಇಲ್ಲ.

ಅದೇ ಮೂರು ಹರಾಜಿನಲ್ಲಿ ಪ್ರೀಮಿಯಂ ಒಂದರಲ್ಲೇ ಸೇರಿದ್ದು 14 ಲಕ್ಷದ 65 ಸಾವಿರ ಡಾಲರ್. ಒಂದು ದಿನವೂ ಕಾರು ಕೊಳ್ಳದೆ, ಒಂದು ಡಾಲರ್ ರಿಸ್ಕ್ ತಗೊಳ್ಳದೆ. ಎಪಿಎಂಸಿ ಮಂಡಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಾಗಿಲ್ಲ. ಬೆಳೆದವನು ಬದಲಾಗ್ತಾನೆ, ಕೊಳ್ಳುವವನು ಬದಲಾಗ್ತಾನೆ, ದಲ್ಲಾಳಿ ಅಂಗಡಿ ಅಲ್ಲೇ ಇರುತ್ತೆ.

2007 ಅನ್ನೋ ಇಸವಿಯೂ ಸುಮ್ಮನೆ ಬಂದದ್ದಲ್ಲ. ಟಿವಿಯಲ್ಲಿ ಹರಾಜು ಲೈವ್ ಬರ್ತಿತ್ತು, ಅಮೆರಿಕದಲ್ಲಿ ಮನೆಗಳ ಬೆಲೆ ಆಕಾಶದಲ್ಲಿತ್ತು, ಸಾಲ ಕೇಳಿದಷ್ಟು ಸಿಗ್ತಿತ್ತು. 1960ರ ದಶಕದಲ್ಲಿ ಹದಿನೆಂಟಾಗಿದ್ದ ಹುಡುಗರು ಐವತ್ತರ ಅಂಚಲ್ಲೂ ಅದರಾಚೆಯೂ ಇದ್ದರು. ಮಕ್ಕಳ ಓದು ಮುಗಿದಿತ್ತು, ಕೈಯಲ್ಲಿ ಕಾಸಿತ್ತು. ಅವತ್ತು ಶೋರೂಂ ಗಾಜಿಗೆ ಮೂಗು ಒತ್ತಿ ನೋಡಿ ಬಂದ ಕಾರನ್ನ ಈಗ ಕೊಳ್ಳಬಹುದಿತ್ತು. 2008ರಲ್ಲಿ ಮಾರುಕಟ್ಟೆ ಬಿದ್ದಾಗ ಮಸಲ್ ಕಾರುಗಳ ಬೆಲೆಯೂ ಜೋರಾಗಿ ಬಿತ್ತು. ಮತ್ತೆ ಎದ್ದು ನಿಂತದ್ದು ತೀರಾ ಅಪರೂಪದವು, ಸಿನಿಮಾದವು, ಹೆಮಿಯಂಥವು. ಉಳಿದವಕ್ಕೆ ಆ ಭಾಗ್ಯ ಇರಲಿಲ್ಲ.

1971ರಲ್ಲಿ ಹದಿನೆಂಟಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. 2021ರ ಮೇನಲ್ಲಿ ಇಂಡಿಯಾನಾಪೊಲಿಸ್‌ಗೆ ಇನ್ನೊಂದು 1971ರ ಹೆಮಿ ಕುಡಾ ಕನ್ವರ್ಟಿಬಲ್ ಬಂದಿತ್ತು, ಅದೇ ಹನ್ನೊಂದರ ಗುಂಪಿನದ್ದು. ಸವಾಲು 48 ಲಕ್ಷ ಡಾಲರ್ ತನಕ ಹೋಯ್ತು. ಇಷ್ಟಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ ಮಾಲೀಕರು ಮೊದಲೇ ಗುಟ್ಟಾಗಿ ಇಟ್ಟಿರೋ ಬೆಲೆ ಇರುತ್ತೆ, ಅದು ‘ರಿಸರ್ವ್’. ಸವಾಲು ಅದನ್ನ ಮುಟ್ಟಲಿಲ್ಲ. ಕಾರು ಬಂದ ದಾರೀಲೇ ವಾಪಸ್ ಹೋಯ್ತು.

ಸರಿಯಾಗಿ ಮುಂದಿನ ತಿಂಗಳು, 2021ರ ಜೂನ್. ಲಾಸ್ ವೇಗಸ್‌ನಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜು. ಬಂದದ್ದು ಕಿತ್ತಳೆ ಬಣ್ಣದ 1994ರ ಟೊಯೋಟಾ ಸುಪ್ರಾ, ಜಪಾನ್ ಕಾರು. ಮೊದಲನೇ ‘ಫಾಸ್ಟ್ ಅಂಡ್ ಫ್ಯೂರಿಯಸ್’ ಸಿನಿಮಾದಲ್ಲಿ ಪಾಲ್ ವಾಕರ್ ಓಡಿಸಿದ್ದು. ಆ ಸಿನಿಮಾದಲ್ಲಿ ವಿನ್ ಡೀಸೆಲ್ ಕೈಯಲ್ಲಿ 1970ರ ಡಾಡ್ಜ್ ಚಾರ್ಜರ್ ಇದೆ, ಹಳೇ ಮಸಲ್ ಕಾರ್. ಕೊನೆಗೆ ಇಬ್ಬರೂ ರೈಲ್ವೆ ಕ್ರಾಸಿಂಗ್ ಕಡೆಗೆ ಅಕ್ಕಪಕ್ಕದಲ್ಲಿ ಪೈಪೋಟಿ ನಡೆಸೋ ಸೀನ್ ನಿಮಗೆ ನೆನಪಿರಬಹುದು. ಸುಪ್ರಾ 5 ಲಕ್ಷದ 50 ಸಾವಿರ ಡಾಲರ್‌ಗೆ ಮಾರಾಟ ಆಯ್ತು. 2001ರಲ್ಲಿ ಆ ಸಿನಿಮಾವನ್ನ ಟೀನೇಜ್‌ನಲ್ಲಿ ನೋಡಿದವರಿಗೆ ಈಗ ನಲವತ್ತರ ಆಸುಪಾಸು.

ಮುಂದಿನ ವಾರ ಇನ್ನೊಂದು ರೇಟಿನ ಕಥೆ ಜೊತೆ ಸಿಗ್ತೀನಿ. ಅಲ್ಲಿ ತನಕ, ನಿಮ್ಮ ರೂಮಿನ ಗೋಡೆ ಮೇಲೆ ಯಾವ ಗಾಡಿಯ ಪೋಸ್ಟರ್ ಇತ್ತು ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ.